ಅಡ್ಡಹೆಸರು ಅಂದ್ರೆ ಬರೀ ನಿಕ್‌ನೇಮ್ ಅಲ್ಲ ಕಣ್ರಿ

"ಬೇಂದ್ರೆಯವರ ಅಡ್ಡಹೆಸರು ಏನು? ಉತ್ತರ: ಅಂಬಿಕಾತನಯದತ್ತ." ಕಾಂಪಿಟಿಟಿವ್ ಪರೀಕ್ಷೆಗೆ ಓದೋರಿಗೆ ಅಂತ ಯಾರೋ ಮಾಡಿದ ಇಂಥ ಪಟ್ಟಿ ವಾಟ್ಸಾಪಲ್ಲಿ ತಿರುಗಿ ತಿರುಗಿ ಬರ್ತಾನೇ ಇರುತ್ತೆ, ಇಷ್ಟು ದಿನ ಡಿಲೀಟ್ ಮಾಡಿ ಸುಮ್ನಿದ್ದೆ, ಇನ್ನು ಸಾಕು. ಅಂಬಿಕಾತನಯದತ್ತ ಅನ್ನೋದು ಕಾವ್ಯನಾಮ. ಬೇಂದ್ರೆಯವರ ಅಡ್ಡಹೆಸರು ಬೇಂದ್ರೆ. ಪ್ರಶ್ನೆ ಒಳಗೇ ಉತ್ತರ ಇದೆ ಸ್ವಾಮಿ.

ಹಳೇ ಮೈಸೂರು ಕಡೆ ಅಡ್ಡಹೆಸರು ಅಂದ್ರೆ ಕುಳ್ಳ, ಡುಮ್ಮ, ಸೋಡಾಬುಡ್ಡಿ. ಧಾರವಾಡ, ಗದಗ, ಬಾಗಲಕೋಟೆ ಕಡೆ "ನಿಮ್ಮ ಅಡ್ಡಹೆಸರೇನ್ರಿ?" ಅಂತ ಕೇಳಿದ್ರೆ ಪಾಟೀಲ, ಹಿರೇಮಠ, ಹೊಸಮನಿ ಅಂತ ಉತ್ತರ ಬರುತ್ತೆ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತು, ಅದ್ರಲ್ಲಿ ಜಗಳ ಏನಿಲ್ಲ. ನನಗೆ ತಲೆ ಕೆಡೋದು "ಅದರ ಕರೆಕ್ಟ್ ಅರ್ಥ ನಿಕ್‌ನೇಮ್, ಆ ಕಡೆಯವರು ತಪ್ಪಾಗಿ ಬಳಸ್ತಾರೆ, ಸರ್‌ನೇಮ್‌ಗೆ ಕುಲನಾಮ ಅನ್ಬೇಕು" ಅಂತ ತೀರ್ಪು ಕೊಡೋರನ್ನ ಕಂಡ್ರೆ.

ಅಡ್ಡ ಅಂದ ತಕ್ಷಣ ಅಡ್ಡದಾರಿ, ಅಡ್ನಾಡಿ ಎಲ್ಲ ನೆನಪಾಗಿ ಏನೋ ಕೆಟ್ಟದ್ದು ಅನ್ಸುತ್ತೆ, ಅಲ್ಲೇ ಎಡವಟ್ಟಾಗೋದು. ಅಡ್ಡಪರಿಣಾಮ ಅಂತೀವಿ, ಅಂದ್ರೆ ಔಷಧದ ಮುಖ್ಯ ಕೆಲಸದ ಜೊತೆಗೆ ಪಕ್ಕದಲ್ಲಿ ಆಗೋ ಇನ್ನೊಂದು. ಅಡ್ಡಕಸುಬಿ ಅಂದ್ರೆ ತನ್ನ ಮೂಲ ಕಸುಬು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದೋನು. ಹಾಗೇ ಅಡ್ಡಹೆಸರು ಅಂದ್ರೆ ತೊಟ್ಟಿಲಲ್ಲಿ ಇಟ್ಟ ಹೆಸರಿನ ಪಕ್ಕಕ್ಕೆ ಬಂದು ನಿಂತ ಎರಡನೇ ಹೆಸರು, ಅಷ್ಟೇ. ಅದನ್ನ ಕ್ಲಾಸ್‌ಮೇಟ್ಸ್ ಇಟ್ರೋ, ಮುತ್ತಜ್ಜನ ಕಾಲದಲ್ಲಿ ಊರೋರು ಕರೆದು ಕರೆದು ಮನೆಗೇ ಅಂಟಿಸಿದ್ರೋ, ಪದಕ್ಕೆ ಅದರ ಹಂಗಿಲ್ಲ. ಪಕ್ಕದ ಮರಾಠಿಯಲ್ಲಿ ಸರ್‌ನೇಮ್‌ಗೆ ಆಡನಾವ್ ಅಂತಾರೆ. ಆಡ ಅಂದ್ರೆ ಅಡ್ಡ, ನಾವ್ ಅಂದ್ರೆ ಹೆಸರು. ಪುಣೆಯಲ್ಲಿ ಯಾರನ್ನಾದ್ರೂ ಆಡನಾವ್ ಏನು ಅಂತ ಕೇಳಿ ನೋಡಿ, ಯಾರೂ ಕುಳ್ಳ ಡುಮ್ಮ ಅನ್ನಲ್ಲ. ಹಿಂದಿಯ ಉಪನಾಮ್ ಕೂಡ ಹೀಗೇ, ಉಪ ಅಂದ್ರೆ ಜೊತೆಗಿರೋದು, ಅದು ಸರ್‌ನೇಮೂ ಹೌದು, ಕವಿ ಇಟ್ಕೊಂಡ ಹೆಸರೂ ಹೌದು.

ಈಗ ಇಂಗ್ಲಿಷನ್ನೇ ಪ್ರಮಾಣ ಅಂತ ಹಿಡ್ಕೊಂಡಿರೋರಿಗೆ. ಸರ್‌ನೇಮಲ್ಲಿರೋ ಸರ್ ಫ್ರೆಂಚಿಂದ ಬಂದಿದ್ದು, ಮೂಲ ಲ್ಯಾಟಿನ್ನಿನ ಸೂಪರ್, ಅಂದ್ರೆ ಮೇಲೆ. ಇದ್ದ ಹೆಸರಿನ ಮೇಲೆ ಇನ್ನೊಂದು. ಮೊದಮೊದಲು ಆ ಪದಕ್ಕೆ ಮನೆತನದ ಹೆಸರು ಅನ್ನೋ ಅರ್ಥ ಇರಲೇ ಇಲ್ಲ, ವ್ಯಕ್ತಿಗೆ ಅಂಟಿದ ವಿಶೇಷಣ ಅಂತ ಇತ್ತು, ಇಂಗ್ಲೆಂಡಿನ ರಾಜ ಸಿಂಹಹೃದಯಿ ರಿಚರ್ಡ್ ಅಂದ್ರೆ ಆ ಸಿಂಹಹೃದಯಿ ಅನ್ನೋದೇ ಆಗಿನ ಲೆಕ್ಕದಲ್ಲಿ ಸರ್‌ನೇಮ್. ನಿಕ್‌ನೇಮ್ ಕಥೆ ಇನ್ನೂ ಮಜಾ ಇದೆ. ಅದು ಹುಟ್ಟಿದಾಗ ಎಕೆನೇಮ್, ಎಕೆ ಅಂದ್ರೆ ಹೆಚ್ಚುವರಿ. "ಆನ್ ಎಕೆನೇಮ್" ಅಂತ ಜನ ಬಿರಬಿರನೆ ಹೇಳೋವಾಗ ಆನ್ ಬಾಲದ ನಕಾರ ಮುಂದಿನ ಪದಕ್ಕೆ ಜಾರಿ "ಅ ನೆಕೆನೇಮ್" ಆಗೋಯ್ತು. ಅಂದ್ರೆ ಒಂದು "ಮೇಲಿನ ಹೆಸರು", ಇನ್ನೊಂದು "ಹೆಚ್ಚುವರಿ ಹೆಸರು", ಎರಡೂ ಹೇಳ್ತಿದ್ದಿದ್ದು ಒಂದೇ, ಆಮೇಲೆ ಕೆಲಸ ಹಂಚ್ಕೊಂಡ್ವು. ಫ್ರೆಂಚಲ್ಲಿ ಅದೇ ಸುರ್ನೋಂ ಇವತ್ತಿಗೂ ನಿಕ್‌ನೇಮ್ ಅನ್ನೋ ಅರ್ಥದಲ್ಲೇ ಉಳ್ಕೊಂಡಿದೆ! ಇಂಗ್ಲೆಂಡ್, ಫ್ರಾನ್ಸ್ ನಡುವಿನ ಇಂಗ್ಲಿಷ್ ಚಾನೆಲ್ ಕಡಲಿನ ಈ ಕಡೆ ಒಂದರ್ಥ ಆ ಕಡೆ ಒಂದರ್ಥ, ನಮ್ಮಲ್ಲಿ ತುಂಗಭದ್ರೆಯ ಈ ಕಡೆ ಆ ಕಡೆ. ಅಲ್ಲಿ ಯಾರೂ ಯಾರನ್ನೂ ತಿದ್ದಕ್ಕೆ ಹೋಗಲ್ಲ.

ಅಡ್ಡಹೆಸರು ಕೇಳಿ ನಗೋರ ಬಗ್ಗೆನೂ ಒಂದು ಮಾತು. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಹೆಸರು ಕೇಳಿದ್ರೆ ಬೆಂಗಳೂರಿನ ಆಫೀಸಲ್ಲಿ ನಗು. ಅದೇ ಜನ ಹಳೇ ರೋಮಿನ ದೊಡ್ಡ ಭಾಷಣಕಾರ ಸಿಸೆರೋ ಹೆಸರನ್ನ ಭಕ್ತಿಯಿಂದ ಹೇಳ್ತಾರೆ, ಸಿಸೆರೋ ಬಂದಿದ್ದು ಸಿಕೆರ್ ಅನ್ನೋ ಪದದಿಂದ, ಅಂದ್ರೆ ಕಡಲೆಕಾಳು. ಅವನ ಪೂರ್ವಿಕ ಒಬ್ಬನ ಮೂಗಿನ ತುದಿ ಕಡಲೆ ಥರ ಸೀಳಿತ್ತು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ರಾಜಕೀಯಕ್ಕೆ ಇಳಿಯೋವಾಗ ಹೆಸರು ಬದಲಾಯಿಸ್ಕೋ ಅಂತ ಸ್ನೇಹಿತರು ಹೇಳಿದ್ರಂತೆ, ಇವನು ಆಗಿನ ದೊಡ್ಡ ಮನೆತನಗಳಾದ ಸ್ಕೌರಸ್, ಕಟುಲಸ್ ಹೆಸರಿಗಿಂತ ಇದನ್ನೇ ದೊಡ್ಡದು ಮಾಡ್ತೀನಿ ಅಂದನಂತೆ. ಕಟುಲಸ್ ಅಂದ್ರೆ ನಾಯಿಮರಿ, ಅದು ಬೇರೆ ವಿಷಯ.

ಬೆಲ್ಲದ, ತುಪ್ಪದ, ಜೋಳದ ಇವಂತೂ ನನಗೆ ತುಂಬಾ ಇಷ್ಟ. "ಬೆಲ್ಲದ... ಏನು? ಹೆಸರು ಪೂರ್ತಿ ಹೇಳಿ" ಅಂತ ಕೇಳೋರಿದ್ದಾರೆ. ಪೂರ್ತಿನೇ ಅದು. ಬೆಲ್ಲದ ಮನೆಯವರು, ಬೆಲ್ಲದ ವ್ಯಾಪಾರದವರು ಅನ್ನೋದ್ರಲ್ಲಿ ಮುಂದಿನ ಪದ ಬಿದ್ದೋಗಿ ಷಷ್ಠಿ ವಿಭಕ್ತಿ ಮಾತ್ರ ಉಳಿದಿದೆ. ಕಸುಬಿನ ಹೆಸರಂತೂ ಎಲ್ಲ ಕಡೆ ಒಂದೇ: ಚಂದ್ರಶೇಖರ ಕಂಬಾರರ ಕಂಬಾರ, ಇಂಗ್ಲಿಷ್ ಸ್ಮಿತ್, ಜರ್ಮನ್ ಶ್ಮಿಟ್, ಹಂಗೇರಿಯ ಕೊವಾಚ್, ಅರಬ್ಬಿಯ ಹದ್ದಾದ್, ಇವರೆಲ್ಲ ಕಬ್ಬಿಣ ಬಡಿದೋರ ಮನೆಯವರೇ. ಕೋಟಿ ಬೆಲೆಯ ಫೆರಾರಿ ಕಾರಿನ ಹೆಸರೂ ಕಮ್ಮಾರನಿಂದ್ಲೇ ಬಂದಿದ್ದು.

ಕುಲನಾಮ ಅನ್ನೋ ಸಲಹೆ ಯಾಕೆ ಬೇಡ ಅಂದ್ರೆ ಪಾಟೀಲ, ದೇಸಾಯಿ, ಕುಲಕರ್ಣಿ ಇವೆಲ್ಲ ಹುದ್ದೆಗಳು. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಮರಾಠರಲ್ಲಿ, ಜೈನರಲ್ಲಿ, ಬ್ರಾಹ್ಮಣರಲ್ಲಿ, ಮುಸ್ಲಿಮರಲ್ಲೂ ಇದ್ದಾರೆ. ಗೋಕಾಕ, ಕಾರ್ನಾಡ ಊರುಗಳು. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಲ್ಲಿ, ಗೋಕಾಕ ಅಡ್ಡಹೆಸರಾಗಿ ಬಂದಿದ್ದು. ಇದರಲ್ಲೆಲ್ಲ ಕುಲ ಎಲ್ಲಿಂದ ತಂದು ತುರುಕ್ತೀರಿ?

ಇನ್ನು ಲಾಸ್ಟ್ ನೇಮೇ ಸರ್‌ನೇಮ್ ಅನ್ನೋ ಭ್ರಮೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅಂದ್ರೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದ್ರೆ ಊರು, ಅಪ್ಪ, ಆಮೇಲೆ ತಾನು. ಕುವೆಂಪು ಅವರ ಲಾಸ್ಟ್ ನೇಮ್ ಪುಟ್ಟಪ್ಪ ಅಂತ ಬೇಕಿದ್ರೆ ಹೇಳಿ, ಸರ್‌ನೇಮ್ ಅನ್ನಬೇಡಿ. ಚೀನಾದ ಷಿ ಜಿನ್‌ಪಿಂಗ್ ಹೆಸರಲ್ಲಿ ಮೊದಲು ಬರೋ ಷಿ ಅನ್ನೋದೇ ಮನೆತನದ್ದು. ಐಸ್‌ಲ್ಯಾಂಡಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ, ಗಾಯಕಿ ಬ್ಯೋರ್ಕ್ ಹೆಸರಿನ ಕೊನೆಗಿರೋ ಗುಡ್ಮುಂಡ್ಸ್‌ಡೊಟ್ಟಿರ್ ಅಂದ್ರೆ ಗುಡ್ಮುಂಡುರ್ ಮಗಳು ಅಂತ, ಅಲ್ಲಿನ ಫೋನ್ ಡೈರೆಕ್ಟರಿಯಲ್ಲೂ ಜನರನ್ನ ಹುಡುಕೋದು ಸ್ವಂತ ಹೆಸರಿಂದ್ಲೇ. ಅಪ್ಪನ ಬದಲು ಅಮ್ಮನ ಹೆಸರು ಹಾಕ್ಕೊಂಡ್ರೂ ನಡೆಯುತ್ತೆ. ನೋಡಿ, ಅಂಬಿಕಾತನಯ ದತ್ತ ಅಂದ್ರೆ ಅಂಬಿಕೆಯ ಮಗ ದತ್ತ, ಕಾವ್ಯನಾಮ ಆದ್ರೂ ಕಟ್ಟಿರೋ ರೀತಿ ಅದೇ. ಬರ್ಮಾದ ಊ ಥಾಂಟ್ 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ರು, ಅವರ ಹೆಸರು ಥಾಂಟ್ ಅಷ್ಟೇ, ಊ ಅನ್ನೋದು ನಮ್ಮ ಶ್ರೀ ಇದ್ದಂಗೆ.

ಮನೆತನದ ಹೆಸರು ಅನಾದಿ ಕಾಲದಿಂದ ಎಲ್ಲರಿಗೂ ಇತ್ತು ಅಂದ್ಕೊಂಡಿರೋರಿಗೆ ಮೂರು ಇಸವಿ ಸಾಕು. ಜಪಾನಲ್ಲಿ ಸಾಮಾನ್ಯ ಜನರೂ ಕಡ್ಡಾಯವಾಗಿ ಸರ್‌ನೇಮ್ ಇಟ್ಕೋಬೇಕು ಅಂತ ಆಗಿದ್ದು 1875ರಲ್ಲಿ, ಥಾಯ್ಲೆಂಡಲ್ಲಿ ಕಾನೂನು ಬಂದಿದ್ದು 1913ರಲ್ಲಿ, ತುರ್ಕಿಯಲ್ಲಿ 1934ರಲ್ಲಿ. ತುರ್ಕಿಯ ಅಧ್ಯಕ್ಷ ಮುಸ್ತಫಾ ಕೆಮಾಲ್‌ಗೆ ಅತಾತುರ್ಕ್, ಅಂದ್ರೆ ತುರ್ಕರ ತಂದೆ, ಅನ್ನೋ ಸರ್‌ನೇಮ್ ಕೊಟ್ಟಿದ್ದು ಅಲ್ಲಿನ ಪಾರ್ಲಿಮೆಂಟ್, ಅದೇ ವರ್ಷ. ತೆರಿಗೆ, ಸೈನ್ಯ, ರೆಜಿಸ್ಟರ್, ಸರ್ಕಾರಕ್ಕೆ ಇವೆಲ್ಲ ಬೇಕಿತ್ತು, ಒಂದೂರಲ್ಲಿ ಒಂದೇ ಹೆಸರಿನ ಹತ್ತು ಜನ ಇದ್ರೆ ಲೆಕ್ಕ ಇಡೋದು ಹೇಗೆ.

ಈ ಲೆಕ್ಕದ ಬಿಸಿ ಈಗ ತಟ್ಟಿರೋದು ಅಡ್ಡಹೆಸರಿಲ್ಲದ ದಕ್ಷಿಣದ ನಮ್ಮ ಜನಕ್ಕೆ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾನೆ ಕಂಡ ಕೂಡ್ಲೇ ಗಾಬರಿಯಾಗಿ ಅಪ್ಪನ ಹೆಸರು ತುಂಬ್ತಾರೆ, ಆಮೇಲೆ ಜೀವನಪೂರ್ತಿ ಹೊರದೇಶದಲ್ಲಿ ಮಿಸ್ಟರ್ ಅಪ್ಪ ಆಗಿ ಓಡಾಡ್ತಾರೆ. ಖಾಲಿ ಬಿಟ್ರೂ ಪಾಸ್‌ಪೋರ್ಟ್ ಸಿಗುತ್ತೆ, ಆದ್ರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಒತ್ತಿ ಕಳಿಸ್ತಾರೆ. ಫಸ್ಟ್ ನೇಮ್ ಅನ್‌ನೋನ್ ಅಂತ ಅದರರ್ಥ, ಅಲ್ಲಿ ಯಾರಾದ್ರೂ "ಹಲೋ ಫ್ನೂ" ಅಂದ್ರೆ ನಿಮ್ಮನ್ನೇ ಕರೀತಿರೋದು.