ವಾರ್ಡ್ ಗಡಿ ಬದಲಾದಾಗ ಹಳೆಯ ನಕ್ಷೆಯನ್ನು ಅಳಿಸಬೇಕೇ?

ಓದುಗರ ಪ್ರಶ್ನೆ: ಬೆಂಗಳೂರಿನ ಬೀದಿದೀಪ, ಕಸ, ಚರಂಡಿ ದೂರುಗಳನ್ನು ವಾರ್ಡ್‌ವಾರು ಪೋಸ್ಟ್‌ಜಿಐಎಸ್‌ನಲ್ಲಿ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ನಕ್ಷೆಯ ದತ್ತಾಂಶ ಇಡುವ ವಿಸ್ತರಣೆ) ಇಟ್ಟಿದ್ದೇವೆ. ಗಡಿ ಬದಲಾದಾಗಲೆಲ್ಲ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ಸರಿಯೇ?

ಉತ್ತರ: ಸರಿಯಲ್ಲ. 2010 ಮತ್ತು 2015ರ ಪಾಲಿಕೆ ಚುನಾವಣೆಗಳು ನಡೆದದ್ದು 198 ವಾರ್ಡ್‌ಗಳಿಗೆ. 2022ರಲ್ಲಿ ಅವು 243 ಆದವು, 2023ರಲ್ಲಿ 225ಕ್ಕೆ ಇಳಿದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳೇ ಬಂದವು. 2015ರ ಫಲಿತಾಂಶವನ್ನು ಇಂದಿನ ಗಡಿಗಳ ಮೇಲೆ ಹರಡಿದರೆ, ಯಾರೂ ಹಾಕದ ಮತಗಳನ್ನು ನಕ್ಷೆ ತೋರಿಸುತ್ತದೆ.

ಹಾಗಾಗಿ ಪ್ರತಿ ಗಡಿಯ ಸಾಲಿಗೂ ಜಾರಿಯಾದ ದಿನ, ಮುಗಿದ ದಿನ ಎರಡನ್ನೂ ಬರೆಯಿರಿ. ಮುಗಿದ ದಿನ ಎಂದು ಮುಂದಿನ ಗಡಿಯ ಮೊದಲ ದಿನವನ್ನೇ ಬರೆಯಿರಿ, ಆದರೆ ಆ ದಿನವನ್ನು ಹಳೆಯ ಅವಧಿಗೆ ಸೇರಿಸಬೇಡಿ. ವಾರ್ಡ್ ಸಂಖ್ಯೆಯನ್ನು ಮುಖ್ಯ ಗುರುತಾಗಿ ಬಳಸಬೇಡಿ. ಪುನರ್ವಿಂಗಡಣೆಯಾದರೆ ಅದೇ ಸಂಖ್ಯೆ ಬೇರೊಂದು ಬಡಾವಣೆಗೆ ಹೋಗಬಹುದು. ಒಂದೇ ಗುರುತಿಗೆ ಎರಡು ಅವಧಿಗಳು ಒಂದರ ಮೇಲೊಂದು ಬೀಳದಂತೆ ಪೋಸ್ಟ್‌ಗ್ರೆಸ್‌ನಲ್ಲಿ ನಿರ್ಬಂಧ (exclusion constraint) ಹಾಕಿದರೆ ಅದೇ ತಡೆಯುತ್ತದೆ. ಅಕ್ಕಪಕ್ಕದ ಪಾಲಿಗನ್‌ಗಳು (ನಕ್ಷೆಯಲ್ಲಿನ ವಾರ್ಡ್ ಆಕಾರಗಳು) ಒಂದರೊಳಗೊಂದು ನುಗ್ಗಿವೆಯೇ ಎಂಬುದನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಬೇಕು.

ನಿಜವಾದ ತೊಡಕು ಇರುವುದು ತಿದ್ದುಪಡಿಯಲ್ಲಿ. ಸರ್ಕಾರ ಗಡಿಯನ್ನು ಸರಿಸುವುದು ಒಂದು. ನಕ್ಷೆ ಬಿಡಿಸಿದವರು ರಸ್ತೆಯ ಆಚೆ ಎಳೆದಿದ್ದ ಗೆರೆಯನ್ನು ಈಚೆಗೆ ತರುವುದು ಇನ್ನೊಂದು. ಎರಡನ್ನೂ ಒಂದೇ ಬಗೆಯಲ್ಲಿ ದಾಖಲಿಸಿದರೆ, ಹಳೆಯ ಮತ್ತು ಹೊಸ ಪದರಗಳನ್ನು ಹೋಲಿಸಿದಾಗ ಗಡಿಯುದ್ದಕ್ಕೂ ಸಣ್ಣ ಸಣ್ಣ ಚೂರುಗಳು ಏಳುತ್ತವೆ, ಯಾವುದು ಅಧಿಸೂಚನೆಯಿಂದ ಆದದ್ದೆಂದು ಹೇಳಲಾಗುವುದಿಲ್ಲ. ಗೆರೆಯ ತಪ್ಪನ್ನು ತಿದ್ದುವಾಗ ಜಾರಿಯ ದಿನಾಂಕವನ್ನು ಮುಟ್ಟದೆ, ದತ್ತಾಂಶಕ್ಕೆ ಸೇರಿಸಿದ ದಿನವನ್ನು ಬೇರೆ ಕಾಲಂನಲ್ಲಿ ಇಡಿ. ಇದಕ್ಕೆ ಸೋಮಾರಿತನ ಮಾಡಿದವರ ದತ್ತಾಂಶವನ್ನು ನಾನು ನಂಬುವುದಿಲ್ಲ.

ದೂರುಗಳ ವಿಷಯ ಸುಲಭ. ಅಕ್ಷಾಂಶ, ರೇಖಾಂಶ, ದಿನಾಂಕ ಇದ್ದರೆ ಸಾಕು. ಯಾವ ಕಾಲದ ವಾರ್ಡ್ ಬೇಕೋ ಅದನ್ನು ಆಯಾ ಗಡಿಯಿಂದ ಹುಡುಕಿಕೊಳ್ಳಬಹುದು.

2011ರ ಜನಗಣತಿಯಲ್ಲಿರುವಂತೆ ವಾರ್ಡಿನ ಒಟ್ಟು ಜನಸಂಖ್ಯೆ ಮಾತ್ರ ಸಿಕ್ಕಾಗ ಎಚ್ಚರ ಬೇಕು. ಅದನ್ನು ಹೊಸ ಗಡಿಗಳಿಗೆ ವಿಸ್ತೀರ್ಣದ ಪ್ರಮಾಣದಲ್ಲಿ ಹಂಚಿದರೆ ಬೆಳ್ಳಂದೂರು ಕೆರೆಯ ನೀರಿನ ಮೇಲೂ ಜನ ವಾಸಿಸುವಂತಾಗುತ್ತದೆ. ಕೆರೆ, ಉದ್ಯಾನಗಳನ್ನು ಕಳೆದು, ಕಟ್ಟಡಗಳಿರುವ ಜಾಗಕ್ಕಷ್ಟೇ ಹಂಚಿ, ಆ ಅಂಕಿಯ ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯಿರಿ.