ನಮ್ ಕಡಿ ಹೂವಿನ ಲೆಕ್ಕ ಇಷ್ಟು ತಡ ಯಾಕಾತು?

ಹೋದ ಶ್ರಾವಣದಾಗ ಬಾಟನಿ ಕಲಿಸೋ ಗೆಳೆಯರೊಬ್ಬರ ಸಂಗಡ ನಮ್ ಕಲಬುರಗಿ ಜಿಲ್ಲಾದ ಚಿಂಚೋಳಿ ಕಡಿ ಹೋಗಿದ್ದೆ. ಗುಡ್ಡದ ಬುಡಕ್ಕ ಮುಳ್ಳುಕಂಟಿಯೊಳಗ ಗೌರಿ ಹೂವಿನ ಬಳ್ಳಿ ಹಬ್ಬಿತ್ತು, ಎಲಿ ತುದಿನೇ ಸುರುಳಿ ಆಗಿ ಕಂಟಿನ ಬಿಗಿಯಾಗಿ ಹಿಡಕೊಂಡಿತ್ತು, ಎಸಳೆಲ್ಲಾ ಹಿಂದಕ್ಕ ಬಾಗಿ, ತುದಿ ಕೆಂಪು, ಬುಡ ಹಳದಿ, ಥೇಟ್ ಉರಿಯೋ ಬೆಂಕಿ ಇದ್ದಂಗ. ಅವರು ಮೊಣಕಾಲೂರಿ ಕೂತು ಫೋಟೋ ತಗೊಂಡ್ರು, ತಾರೀಖು, ಮಣ್ಣು ಎಂಥಾದ್ದು, ಪಕ್ಕದಾಗ ಯಾವ ಗಿಡ ಅದಾವ ಅಂತ ಬರಕೊಂಡ್ರು. ಗಡ್ಡಿ ಮಾತ್ರ ಮುಟ್ಟಲಿಲ್ಲ. "ಈ ಹೂವು ಭಾಳ ಕಡಿ ಬೆಳೀತದ, ಆದ್ರ ನಮ್ಮಲ್ಲಿ ಎಲ್ಲೆಲ್ಲಿ ಉಳದದ ಅಂತ ಬರದಿಟ್ಟವ್ರು ಕಡಿಮಿ" ಅಂದ್ರು.

ಯಾಕ ಕಡಿಮಿ ಅಂದ್ರ ಸ್ವಲ್ಪ ಹಿಂದಕ್ಕ ಹೋಗಬೇಕ್ರಿ. ಥಿಯೋಡೋರ್ ಕುಕ್ 1901ರಿಂದ 1908ರ ತನಕ ಮುಂಬೈ ಪ್ರಾಂತ್ಯದ ಗಿಡಮರಗಳ ದಾಖಲೆ (ಇಂಗ್ಲಿಷಿನಾಗ 'ಫ್ಲೋರಾ' ಅಂತಾರ) ಬರೆದ್ರು, 1915ರಿಂದ ಗ್ಯಾಂಬಲ್ ಮದ್ರಾಸ್ ಪ್ರಾಂತ್ಯದ್ದು ಶುರು ಮಾಡಿದ್ರು. ವಿಜಯಪುರ, ಧಾರವಾಡ ಒಂದರಾಗ ಬಂದ್ವು, ಬಳ್ಳಾರಿ ಇನ್ನೊಂದರಾಗ. ನಾವು ನಿಜಾಮರ ರಾಜ್ಯದಾಗ ಇದ್ದವ್ರು, ಎರಡೂ ಪುಸ್ತಕ ನಮ್ ಸೀಮಿ ತನಕ ಬಂದು ನಿಂತ್ವು. 1911ರಾಗ ಪಾರ್ಟ್ರಿಜ್ ಅವರು ನಿಜಾಮ್ ರಾಜ್ಯದ ಫಾರೆಸ್ಟ್ ಫ್ಲೋರಾ ತಂದ್ರು ಖರೆ, ಆದ್ರ ಹೆಸರಿನಾಗೇ ಅದ, ಅದು ಅಡವಿ ಲೆಕ್ಕ. ಮಳಿಗಾಲದಾಗ ಎರಡು ತಿಂಗಳು ಮೂಡಿ ಮಾಯ ಆಗೋ ಹೂವಿಗೆ ಜಾಗ ಎಲ್ಲಿಂದ ಬರಬೇಕು?

1956ರಾಗ ಮೈಸೂರು ರಾಜ್ಯಕ್ಕ ಸೇರಿದ್ವಿ, 1980ರಾಗ ಗುಲ್ಬರ್ಗಾ ವಿಶ್ವವಿದ್ಯಾಲಯ ಆತು, ಕಡೀಕ 2000ದಾಗ ಸೀತಾರಾಮ್, ಕೋಟ್ರೇಶ, ಉಪ್ಲಾಂವಕರ್ ಈ ಮೂರು ಮಂದಿ ಸೇರಿ 'ಫ್ಲೋರಾ ಆಫ್ ಗುಲ್ಬರ್ಗಾ ಡಿಸ್ಟ್ರಿಕ್ಟ್' ತಂದ್ರು. ಆಗ ಯಾದಗಿರಿ ಇನ್ನೂ ನಮ್ ಜಿಲ್ಲಾದಾಗೇ ಇತ್ತು. ನನ್ನ ಮಟ್ಟಿಗಿ ಇದು ಈ ಭಾಗಕ್ಕ ಆದ ದೊಡ್ಡ ಉಪಕಾರ, ಯಾಕಂದ್ರ ಮೊದಲು ಏನಿತ್ತು ಅಂತ ಗೊತ್ತಿದ್ರ ತಾನೇ ಏನು ಹೋಯ್ತು ಅಂತ ಹೇಳಲಿಕ್ಕ ಬರ್ತದ.

ಹುಡುಕೋದೂ ಸುಲಭ ಇಲ್ರಿ. ದಖನ್ ಕಲ್ಲುಗುಡ್ಡದಾಗ ಬೆಳೆಯೋ ಸೆರೊಪೀಜಿಯಾ ಬಳ್ಳಿ ನೋಡ್ರಿ, ನಮ್ ದೇಶದಾಗ ಅದರ 50ಕ್ಕಿಂತ ಹೆಚ್ಚು ಜಾತಿ ಅದಾವ, ಬಹುತೇಕ ಬ್ಯಾರೆ ಎಲ್ಲೂ ಇಲ್ಲ. ಹೂವು ಸಣ್ಣ ಕೊಳವಿ ಇದ್ದಂಗ, ಒಳಗಿನ ಕೂದಲು ಕೆಳಗ ಮುಖ ಮಾಡಿರ್ತಾವ, ಒಳಗ ಹೋದ ನೊಣ ಹೊರಗ ಬರಲಿಕ್ಕ ಆಗಲ್ಲ, ಕೂದಲು ಬಾಡಿದ ಮ್ಯಾಲ ಪರಾಗ ಹೊತ್ತುಕೊಂಡು ಹಾರ್ತದ. ಬ್ಯಾಸಿಗ್ಯಾಗ ಹೋದ್ರ ಗಡ್ಡಿ ನೆಲದಾಗ ಮಲಗಿರ್ತದ, ಮ್ಯಾಲ ಬರೇ ಒಣಹುಲ್ಲು. ಹಂಗಾಗಿ ಆ ಜಾಗ ನೋಡಿದವ್ರು ಇಲ್ಲೇನೂ ಇಲ್ಲ ಅಂತಾರ.

ದೊಡ್ಡ ಪೆಟ್ಟು ಬಿದ್ದಿದ್ದು ಇಲ್ಲೇ. ದಫ್ತರದಾಗ ಇಂಥ ಜಮೀನಿಗಿ ಖರಾಬು, ಬಂಜರು, ಗಾಯರಾಣ (ದನ ಮೇಯೋ ಗೋಮಾಳ) ಅಂತ ಹೆಸರು. ಚಿಂಚೋಳಿ ಅಡವಿ 2011ರಾಗ ವನ್ಯಜೀವಿ ಧಾಮ ಆತು, ಸುಮಾರು 134 ಚದರ ಕಿಲೋಮೀಟರ್, ಭಾಳ ಚಲೋ ಆತು, ಆದ್ರ ಹೊರಗಿನ ಹುಲ್ಲುಗಾವಲು, ಬೀದರ್ ಕಡಿ ಕೆಂಪು ಮರಡಿ ಇವುಕ್ಕ ಕೇಳೋರಿಲ್ಲ. ಹಸಿರು ಮಾಡ್ತೀವಿ ಅಂತ ಒಳ್ಳೆ ಮನಸಿಂದನೇ ಗುಂಡಿ ತೋಡಿ ಸಸಿ ಹಚ್ಚತಾರ, ಹುಲ್ಲಿನ ನಡುವಿನ ಗಡ್ಡಿ ಮೊದಲು ಸಲಿಕಿಗಿ ಸಿಗ್ತದ.

ಗೌರಿ ಹೂವಿಗೆ ಇನ್ನೊಂದು ಕಾಟ. ಗಡ್ಡಿ, ಬೀಜದಾಗ ಕಾಲ್ಚಿಸಿನ್ ಅದ, ತಿಂದ್ರ ಜೀವ ಹೋಗೋ ವಿಷ, ಅದೇ ಕೀಲುನೋವಿನ ಔಷಧಿಗೂ ಬೇಕು, ಹಿಂಗಾಗಿ ಅಗೆದು ಮಾರ್ತಾರ. ಅದಕ್ಕೇ ಗೆಳೆಯರು ಆ ಫೋಟೋ ಹಾಕುವಾಗ ತಾಲೂಕಿನ ಹೆಸರಷ್ಟೇ ಬರೆದ್ರು. ಈ ವರ್ಷ ಆರಿದ್ರಾ ಮಳಿ ಬಿದ್ದ ಮ್ಯಾಲ ಅದೇ ಗುಡ್ಡಕ್ಕ ಮತ್ತ ಹೋಗ್ತೀವಿ, ಅಲ್ಲಿ ಇಳಿಜಾರಿನಾಗ ಗುಂಡಿ ತೋಡ್ಯಾರ ಅಂತ ಸುದ್ದಿ ಬಂದದ.