ಮೂರು ಪಾಲಾದ ಮ್ಯಾಂಚೆಸ್ಟರ್ ಬ್ರೂವರಿ

ಕಂಪನಿಯೊಂದರ ಮೌಲ್ಯಮಾಪನಕ್ಕೆ ಕುಳಿತಾಗ ನಮ್ಮ ಕಸುಬಿನವರು ಮೊದಲು ಮಾಡುವ ಕೆಲಸವೆಂದರೆ ಆಸ್ತಿಗಳನ್ನು ಬಿಡಿಸಿ ಬರೆಯುವುದು: ಜಾಗ ಮತ್ತು ಕಟ್ಟಡಕ್ಕೆ ಒಂದು ಹಾಳೆ, ಯಂತ್ರಗಳಿಗೆ ಒಂದು, ಬ್ರ್ಯಾಂಡಿಗೆ ಒಂದು. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆ ಎಂದು ಕಂಡುಬಂದರೆ ಅದನ್ನು ಆಡಳಿತ ಮಂಡಳಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದು ಕರ್ತವ್ಯಲೋಪವಾಗುತ್ತದೆ. ಈ ಲೆಕ್ಕದ ಹಾಳೆಗಳಲ್ಲಿ ಏನು ಸೋರಿಹೋಗುತ್ತದೆ ಎಂದು ಕಿರಿಯ ಸಹೋದ್ಯೋಗಿಗಳು ಕೇಳಿದಾಗ ನಾನು ಸಾಮಾನ್ಯವಾಗಿ ಮ್ಯಾಂಚೆಸ್ಟರಿನ ಬಾಡಿಂಗ್ಟನ್ಸ್ ಬ್ರೂವರಿಯ, ಅಂದರೆ ಬಿಯರ್ ಕಾರ್ಖಾನೆಯ, ಕಡತವನ್ನು ಬಿಚ್ಚುತ್ತೇನೆ.

ಮ್ಯಾಂಚೆಸ್ಟರ್ ನಗರಮಧ್ಯಕ್ಕೆ ಹತ್ತಿರದ ಸ್ಟ್ರೇಂಜ್‌ವೇಸ್‌ನಲ್ಲಿ 1778ರಲ್ಲಿ ಇಬ್ಬರು ಧಾನ್ಯ ವ್ಯಾಪಾರಿಗಳು ಈ ಬ್ರೂವರಿಯನ್ನು ಆರಂಭಿಸಿದರು. 1832ರಲ್ಲಿ ಊರೂರು ಸುತ್ತುವ ಮಾರಾಟಗಾರನಾಗಿ ಕೆಲಸಕ್ಕೆ ಸೇರಿದ ಹೆನ್ರಿ ಬಾಡಿಂಗ್ಟನ್, 1848ರಲ್ಲಿ ಪಾಲುದಾರನಾಗಿ, 1853ರ ಹೊತ್ತಿಗೆ ಅದರ ಏಕೈಕ ಮಾಲೀಕನಾದ. ವರ್ಷಕ್ಕೆ 10,000 ಪೀಪಾಯಿಗಳಷ್ಟಿದ್ದ ಉತ್ಪಾದನೆ ಮುಂದಿನ ಸುಮಾರು 25 ವರ್ಷಗಳಲ್ಲಿ 1,00,000 ಪೀಪಾಯಿಗಳನ್ನು ಮುಟ್ಟಿತು. ಹತ್ತಿಗಿರಣಿಗಳ ಊರಿನಲ್ಲಿ ಬಾಯಾರಿದವರಿಗೆ ಕೊರತೆಯಿರಲಿಲ್ಲ ಎಂಬುದೂ ನಿಜ.

ಈ ಬೆಳವಣಿಗೆಯ ಬೆನ್ನೆಲುಬು ಇಂಗ್ಲೆಂಡಿನ ‘ಟೈಡ್ ಹೌಸ್’ ಪದ್ಧತಿ. ಅಲ್ಲಿ ಬ್ರೂವರಿಯೇ ಪಬ್ಬಿನ ಕಟ್ಟಡವನ್ನು ಕೊಂಡು, ತನ್ನ ಬಿಯರನ್ನೇ ಮಾರಬೇಕೆಂಬ ಷರತ್ತಿನ ಮೇಲೆ ಬಾಡಿಗೆಗೆ ಕೊಡುತ್ತಿತ್ತು. ತಯಾರಕರ ಸರಕೆಲ್ಲ ಸರ್ಕಾರಿ ಪಾನೀಯ ನಿಗಮದ ಗೋದಾಮನ್ನು ಹಾದೇ ಅಂಗಡಿ ತಲುಪುವ ಕರ್ನಾಟಕದವರಿಗೆ ಈ ವ್ಯವಸ್ಥೆ ವಿಚಿತ್ರವಾಗಿ ಕಾಣಬಹುದು. ಆದರೆ ಅದಕ್ಕೆ ವ್ಯಾಪಾರದ ಕಾರಣವಲ್ಲದೆ ತಯಾರಿಕೆಯ ಕಾರಣವೂ ಇತ್ತು. ಇಂಗ್ಲಿಷರ ಸಾಂಪ್ರದಾಯಿಕ ಕ್ಯಾಸ್ಕ್ ಬಿಯರಿನಲ್ಲಿ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಬ್ರೂವರಿಯಿಂದ ಹೊರಟ ಮೇಲೂ ಅದು ಹುದುಗುತ್ತಲೇ ಇದ್ದು, ಪಬ್ಬಿನ ತಂಪಾದ ನೆಲಮಾಳಿಗೆಯಲ್ಲಿ ಪೀಪಾಯಿಯೊಳಗೇ ಹದಕ್ಕೆ ಬರುತ್ತದೆ. ಒಮ್ಮೆ ತೆರೆದ ಪೀಪಾಯಿ ಕೆಲವೇ ದಿನಗಳಲ್ಲಿ ಖಾಲಿಯಾಗಬೇಕು, ಇಲ್ಲವಾದರೆ ಗಾಳಿ ತಾಗಿ ಹುಳಿಯುತ್ತದೆ. ಆದ್ದರಿಂದ ಪಬ್ಬು ಕೇವಲ ಮಾರಾಟದ ಮಳಿಗೆಯಲ್ಲ. ಕಾರ್ಖಾನೆಯ ಕೊನೆಯ ಹಂತ ಅಲ್ಲಿಯೇ ನಡೆಯುತ್ತದೆ. ಲೆಕ್ಕದ ಹಾಳೆಯಲ್ಲಿ ಮಾತ್ರ ಅದು ‘ಸ್ಥಿರಾಸ್ತಿ’ ಎಂದೇ ದಾಖಲಾಗುತ್ತದೆ.

1969–70ರಲ್ಲಿ ಅಲೈಡ್ ಬ್ರೂವರೀಸ್ ಎಂಬ ದೈತ್ಯ ಸಂಸ್ಥೆ ಬಾಡಿಂಗ್ಟನ್ಸನ್ನು ನುಂಗಲು ಬಂದಾಗ ಕುಟುಂಬದವರು ಜಗ್ಗಲಿಲ್ಲ. ಆಗ ನೆರವಿಗೆ ಬಂದು ಷೇರು ಹಿಡಿದದ್ದು ಬಿಯರ್ ತಯಾರಿಕೆಯಲ್ಲೇ ಇದ್ದ ವಿಟ್‌ಬ್ರೆಡ್ ಕಂಪನಿ. ಪ್ರಾದೇಶಿಕ ಬ್ರೂವರಿಗಳಲ್ಲಿ ಹೀಗೆ ಪಾಲು ಹಿಡಿದು ರಕ್ಷಿಸುವ ಅದರ ನೀತಿಯನ್ನು ಆ ಉದ್ಯಮದವರು ‘ವಿಟ್‌ಬ್ರೆಡ್ ಕೊಡೆ’ ಎಂದೇ ಕರೆಯುತ್ತಿದ್ದರು. ಕೊಡೆ ಹಿಡಿದವರು ಪುಕ್ಕಟೆ ಹಿಡಿದಿರುವುದಿಲ್ಲ ಎಂಬುದು ನನ್ನ ಅನುಭವ.

ಹುಲ್ಲಿನ ಬಣ್ಣದ, ಒಣ ಕಹಿರುಚಿಯ ಬಿಯರಾದ ಬಾಡಿಂಗ್ಟನ್ಸ್ ಬಿಟರ್‌ಗೆ 1970ರ ದಶಕದಲ್ಲಿ ದೊಡ್ಡ ಹೆಸರಿತ್ತು. 1980ರ ದಶಕದಲ್ಲಿ ಅದರ ಕಹಿ ತಗ್ಗಿತೆಂದು ಹಳೆಯ ಗಿರಾಕಿಗಳು ಗೊಣಗತೊಡಗಿದರು. ಕಂಪನಿ ಆ ಹೊತ್ತಿಗೆ 1982ರಲ್ಲಿ ಓಲ್ಡ್‌ಹ್ಯಾಮ್ ಬ್ರೂವರಿಯನ್ನೂ 1985ರಲ್ಲಿ ಲಿವರ್‌ಪೂಲಿನ ಹಿಗ್ಸನ್ಸನ್ನೂ ಕೊಂಡು ಬೆಳೆಯುತ್ತಿತ್ತು.

1989ರಲ್ಲಿ ಬ್ರಿಟಿಷ್ ಸರ್ಕಾರ ‘ಬಿಯರ್ ಆರ್ಡರ್ಸ್’ ಹೊರಡಿಸಿತು. 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ಬ್ರೂವರಿಗಳು ಆ ಮಿತಿಯನ್ನು ಮೀರಿದ ಪಬ್ಬುಗಳಲ್ಲಿ ಅರ್ಧದಷ್ಟನ್ನು ತಮ್ಮ ಬಿಯರನ್ನೇ ಮಾರಬೇಕೆಂಬ ಕಟ್ಟಿನಿಂದ ಬಿಡುಗಡೆ ಮಾಡಬೇಕೆಂಬುದು ಅದರ ತಿರುಳು. ದೊಡ್ಡವರನ್ನು ಹದ್ದುಬಸ್ತಿನಲ್ಲಿಟ್ಟು ಸಣ್ಣವರಿಗೆ ದಾರಿ ಮಾಡಿಕೊಡುವ ಉದ್ದೇಶದ ಈ ಆದೇಶ ಬಾಡಿಂಗ್ಟನ್ಸ್‌ಗೆ ಅನ್ವಯಿಸುವಂತೆಯೇ ಇರಲಿಲ್ಲ, ಏಕೆಂದರೆ ಅದರ ಪಬ್ಬುಗಳ ಸಂಖ್ಯೆ ಆ ಮಿತಿಗಿಂತ ಬಹಳ ಕೆಳಗಿತ್ತು. ಆದರೂ ಕಂಪನಿ ಅದೇ ವರ್ಷ ಬ್ರೂವರಿಯನ್ನೂ ಬಿಯರಿನ ಹೆಸರನ್ನೂ 5.07 ಕೋಟಿ ಪೌಂಡಿಗೆ ವಿಟ್‌ಬ್ರೆಡ್‌ಗೆ ಮಾರಿ, ಪಬ್ಬುಗಳನ್ನು ತಾನೇ ಇಟ್ಟುಕೊಂಡಿತು. ಬಿಯರ್ ತಯಾರಿಕೆಯಲ್ಲಿ ಲಾಭ ತೆಳುವಾಗುತ್ತದೆ, ಕಟ್ಟಡಗಳ ಬೆಲೆ ಏರುತ್ತದೆ ಎಂಬ ಲೆಕ್ಕದಲ್ಲಿ ದೋಷ ಹುಡುಕಲು ನನ್ನಿಂದಾಗಿಲ್ಲ. ಪಬ್ಬುಗಳ ಕಂಪನಿಯನ್ನು 1995ರಲ್ಲಿ ಗ್ರೀನಾಲ್ಸ್ ಕೊಂಡಾಗ ಕೊಟ್ಟ ಬೆಲೆ 51.8 ಕೋಟಿ ಪೌಂಡ್. ಷೇರುದಾರರ ಮಟ್ಟಿಗೆ ಅದು ಅಚ್ಚುಕಟ್ಟಾದ ಕೆಲಸವೇ ಆಗಿತ್ತು.

ಇತ್ತ ಹೆಸರಿಗೂ ಒಳ್ಳೆಯ ಕಾಲ ಬಂದಿತು. ‘ಮ್ಯಾಂಚೆಸ್ಟರಿನ ಕೆನೆ’ ಎಂಬ ಘೋಷವಾಕ್ಯದ ಜಾಹೀರಾತುಗಳು 1990ರ ದಶಕದಲ್ಲಿ ಈ ಬಿಯರನ್ನು ದೇಶದಾದ್ಯಂತ ಪರಿಚಯಿಸಿದವು. ಉತ್ತರ ಇಂಗ್ಲೆಂಡಿನ ಪಬ್ಬುಗಳಲ್ಲಿ ಕೈಪಂಪಿನ ನಳಿಗೆಯ ತುದಿಗೆ ಸಣ್ಣ ತೂತುಗಳ ಮೂತಿಯೊಂದನ್ನು ಸಿಕ್ಕಿಸಿ ಬಿಯರಿನ ಮೇಲೆ ದಟ್ಟ ನೊರೆ ಬರಿಸುವ ರೂಢಿಯಿದೆ. ಅದೇ ನೊರೆಯನ್ನು ಮನೆಯ ಲೋಟಕ್ಕೂ ತರಲು ಡಬ್ಬಿಯೊಳಗೆ ನೈಟ್ರೋಜನ್ ತುಂಬಿದ ಪ್ಲಾಸ್ಟಿಕ್ಕಿನ ಪುಟ್ಟ ಗುಳಿಗೆಯನ್ನು ಇಟ್ಟರು. ಮುಚ್ಚಳ ಕಿತ್ತೊಡನೆ ಒತ್ತಡ ಇಳಿದು, ಗುಳಿಗೆಯ ಸೂಜಿಗಣ್ಣಿನಷ್ಟು ರಂಧ್ರದಿಂದ ಅನಿಲ ಚಿಮ್ಮಿ, ಬಿಯರೆಲ್ಲ ಹಾಲಿನಂತೆ ಕದಡಿ ಕೆನೆ ಮೇಲೇಳುತ್ತದೆ. ಸೊಗಸಾದ ತಂತ್ರವೇ ಸರಿ. ಆದರೆ ಈ ಕೆನೆಗೆ ಜೀವಂತ ಯೀಸ್ಟಾಗಲಿ, ನೆಲಮಾಳಿಗೆಯಾಗಲಿ, ಅದನ್ನು ನೋಡಿಕೊಳ್ಳುವ ಪಬ್ಬಿನವನಾಗಲಿ ಬೇಕಿರಲಿಲ್ಲ. ಸ್ಟ್ರೇಂಜ್‌ವೇಸ್ ಕೂಡ ಬೇಕಿರಲಿಲ್ಲ.

2000ದಲ್ಲಿ ವಿಟ್‌ಬ್ರೆಡ್ ತಾನೇ ಬಿಯರ್ ತಯಾರಿಕೆಯನ್ನು ಬಿಟ್ಟು, ಆ ವಿಭಾಗವನ್ನು ಬೆಲ್ಜಿಯಂನ ಇಂಟರ್‌ಬ್ರೂ ಕಂಪನಿಗೆ 40 ಕೋಟಿ ಪೌಂಡಿಗೆ ಮಾರಿತು. ಹೊಸ ಮಾಲೀಕರ ಹಾಳೆಯಲ್ಲಿ ಸ್ಟ್ರೇಂಜ್‌ವೇಸ್ ಎಂದರೆ ನಗರಮಧ್ಯದ ಬೆಲೆಬಾಳುವ ನಿವೇಶನವೊಂದರ ಮೇಲೆ ನಿಂತ ಹಳೆಯ ಯಂತ್ರಗಳು. 2005ರಲ್ಲಿ ಅದನ್ನು ಮುಚ್ಚಿದರು. ಡಬ್ಬಿಯ ಬಿಯರ್ ತಯಾರಿ ಲ್ಯಾಂಕಾಷೈರಿನ ಸ್ಯಾಮ್ಲ್ಸ್‌ಬರಿಯ ದೊಡ್ಡ ಕಾರ್ಖಾನೆಗೆ ಹೋಯಿತು. ಕ್ಯಾಸ್ಕ್ ಬಿಯರನ್ನು ಮ್ಯಾಂಚೆಸ್ಟರಿನದೇ ಹೈಡ್ಸ್ ಬ್ರೂವರಿಗೆ ಗುತ್ತಿಗೆಗೆ ಕೊಟ್ಟು, 2012ರಲ್ಲಿ ಅದನ್ನೂ ನಿಲ್ಲಿಸಿದರು. ಕಟ್ಟಡಗಳನ್ನು ಕೆಡವಿದ ಜಾಗ ಬಹುಕಾಲ ಕಾರು ನಿಲ್ಲಿಸುವ ಬಯಲಾಗಿತ್ತು. ಈಗ ಅಲ್ಲಿ ಒಂದು ಕಾಲೇಜಿದೆ. ಮ್ಯಾಂಚೆಸ್ಟರ್ ನಗರದ ಲಾಂಛನದ ಜೇನುಹುಳುಗಳು ಮಾತ್ರ, ಒಂದು ಪೀಪಾಯಿಯ ಜೊತೆಗೆ, ಸ್ಯಾಮ್ಲ್ಸ್‌ಬರಿಯಲ್ಲಿ ತುಂಬಿದ ಡಬ್ಬಿಗಳ ಮೇಲೆ ಉಳಿದುಕೊಂಡವು.